ಅರ್ಧ ಸದ್ದನ್ನು ನೆಲಕ್ಕೆ ಸುರಿಯಬೇಡಿ

ನಮ್ಮ ಹಾಸ್ಟೆಲ್ಲಿನಲ್ಲಿ ಈ ಸೆಮಿಸ್ಟರ್ ಪೂರ್ತಿ ಒಂದೇ ಜಗಳ. ಕ್ರಿಕೆಟ್ಟಿನದಲ್ಲ, ಮೆಸ್ಸಿನ ಸಾರಿನದೂ ಅಲ್ಲ. ಬ್ಯಾಲೆನ್ಸ್ಡ್ ಡ್ಯಾಕಿನಿಂದ ಬರುವ ಸಿಗ್ನಲ್ಲನ್ನು ಸಿಂಗಲ್ ಎಂಡೆಡ್ ವಾಲ್ವ್ ಸ್ಟೇಜಿಗೆ ಹೇಗೆ ಕೊಡಬೇಕು ಅನ್ನೋದು ಜಗಳದ ವಿಷಯ. ಒಂದು ಪಂಗಡದವರು ‘ಎರಡು ಕಾಲಲ್ಲಿ ಒಂದು ಸಾಕು, ಇನ್ನೊಂದನ್ನ ಬಿಟ್ಟಾಕು’ ಅಂತಾರೆ. ಎರಡನೆಯವರು ಆಪ್-ಆ್ಯಂಪ್ ಹಾಕಿ ಕಳೆಯಿರಿ ಅಂತಾರೆ. ಮೂರನೆಯವರಿಗೆ ವಾಲ್ವಿನ ದಾರಿಯಲ್ಲಿ ಆಪ್-ಆ್ಯಂಪ್ ಬಂದ್ರೆ ಮಡಿ ಕೆಟ್ಟಂಗೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ನಡುವೆ ಒಂದು ಸಿಗ್ನಲ್ ಟ್ರಾನ್ಸ್‌ಫಾರ್ಮರ್ ಹಾಕಿ. ಇಂಪು, ಕಂಪು, ‘ಬೆಚ್ಚಗಿನ ಸದ್ದು’ ಇವೆಲ್ಲ ಆಮೇಲಿನ ಮಾತು. ಮೊದಲ ಪ್ರಶ್ನೆ ಗ್ರೌಂಡಿನದು. ಅದನ್ನು ಕೇಳದೆ ತಂತಿ ಸೇರಿಸುವವರು ಸದ್ದನ್ನೂ ಕೆಡಿಸ್ತಾರೆ, ಕೆಲವೊಮ್ಮೆ ಪ್ರಾಣಕ್ಕೂ ತಂದಿಡ್ತಾರೆ. ನಮಗೆ ಈ ಪ್ರಶ್ನೆ ಎದುರಾಗಿದ್ದು ಲ್ಯಾಬಿನಲ್ಲಲ್ಲ, ಕೊಕ್ಕರೆ ಬೆಳ್ಳೂರಿನಲ್ಲಿ.

ಕೊಕ್ಕರೆ ಬೆಳ್ಳೂರು ಎಲ್ಲರಿಗೂ ಗೊತ್ತಿರೋ ಊರೇ. ಮದ್ದೂರು ತಾಲ್ಲೂಕು, ಶಿಂಷಾ ಹೊಳೆ ಪಕ್ಕ. ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರೊಳಗಿನ ಹುಣಸೆ ಮರಗಳ ಮೇಲೆ, ಮನೆಗಳ ನೆತ್ತಿಯ ಮೇಲೇ ಗೂಡು ಕಟ್ಟುತ್ತವೆ. ಹೆಣ್ಣುಮಗಳು ಬಾಣಂತನಕ್ಕೆ ತವರಿಗೆ ಬಂದಂಗೆ ಅಂತ ಊರಿನವರು ಹೇಳೋದು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ಹಾಕಿ ಸಾಕುವ ಕೆಲಸವನ್ನು ಊರಿನ ಹುಡುಗರು ಅದಕ್ಕೂ ಮುಂಚಿನಿಂದ ಹೆಜ್ಜಾರ್ಲೆ ಬಳಗ ಅಂತ ಕಟ್ಟಿಕೊಂಡು ಮಾಡಿಕೊಂಡು ಬಂದಿದ್ದಾರೆ. 2017ರ ಕೊನೆಯಿಂದ 2018ರವರೆಗೆ ಹೊಟ್ಟೆಹುಳದ ಕಾಟಕ್ಕೆ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತಾಗ ಊರು ಸೂತಕದ ಮನೆಯಂತಾಗಿತ್ತು ಅಂತ ಅಲ್ಲಿಯವರು ಈಗಲೂ ನೆನೆಸಿಕೊಳ್ತಾರೆ.

ನಮ್ಮ ಸಂಘದವರು ಅಲ್ಲಿ ಬೆಳಗಿನ ಜಾವದ ಸದ್ದು ರೆಕಾರ್ಡ್ ಮಾಡಿದ್ವಿ. ಕೇಳಿದರೆ ಆಶ್ಚರ್ಯ ಆಗುತ್ತೆ: ಅಷ್ಟು ದೊಡ್ಡ ಹಕ್ಕಿಗಳು, ಆದರೆ ದೊಡ್ಡವು ಬಾಯೇ ಬಿಡಲ್ಲ ಅನ್ನಬಹುದು. ಬಣ್ಣದ ಕೊಕ್ಕರೆ ಕೊಕ್ಕು ಬಡಿದು ಟಕಟಕ ಅನ್ನಿಸುತ್ತೆ, ಅಷ್ಟೆ. ಗಲಾಟೆಯೆಲ್ಲ ಮರಿಗಳದು. ಕೊಕ್ಕಿನ ಆ ಟಕಟಕ ಮರದ ತುದಿಯಿಂದ ಕೆಳಗೆ ಬರುವಷ್ಟರಲ್ಲಿ ತೀರಾ ಸಣ್ಣದಾಗಿರುತ್ತೆ. ಟ್ರ್ಯಾಕ್ಟರ್ ಶುರುವಾಗುವ ಮುಂಚಿನ ಆ ನಿಶ್ಶಬ್ದದಲ್ಲಿ ಮಾತ್ರ ಅದು ಕಿವಿಗೆ ಬೀಳೋದು.

ರೆಕಾರ್ಡ್ ಮಾಡಿಕೊಂಡು ಬಂದ ಮನೆಯಲ್ಲೇ ಒಂದು ಹಳೇ ವಾಲ್ವ್ ರೇಡಿಯೊ ಇತ್ತು. ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಮಾಡಿಸಬೇಕಿದ್ದ ಕಾಲದ್ದು. ಹಿಂಬದಿಯಲ್ಲಿ ಗ್ರಾಮಫೋನ್ ಸೇರಿಸಲು ಎರಡು ತೂತು. ಮನೆಯ ಹಿರಿಯರು ಕೇಳಿದ್ದು ಇಷ್ಟೇ: ‘ನೀವು ಹಿಡ್ಕೊಂಡಿರೋ ಸದ್ದ ಇದ್ರಲ್ ಕೇಳಾಕಾಯ್ತದೇನ್ರಪ್ಪಾ? ಮೊಬೈಲ್ನಾಗೆ ಸೊಳ್ಳೆ ಕೂಗ್ದಂಗ್ ಕೇಳ್ತದೆ.’ ಹಕ್ಕಿಗಳು ಹೊರಟುಹೋದ ಮೇಲೆ, ಮಳೆಗಾಲದಲ್ಲಿ, ಮನೆಯೊಳಗೆ ಕೂತು ಮೆಲ್ಲಗೆ ಕೇಳುವ ಆಸೆ ಅವರದ್ದು. ಗೂಡಿನಲ್ಲಿ ಹಕ್ಕಿ ಇರುವಾಗ ಹೊರಗೆ ಸ್ಪೀಕರ್ ಇಟ್ಟು ಹಕ್ಕಿ ಕೂಗು ಹಾಕೋದು ಬೇಡವೇ ಬೇಡ, ಆ ವಿಷಯದಲ್ಲಿ ನಮ್ಮಲ್ಲಿ ಜಗಳವಿಲ್ಲ.

ಈಗ ವಿಷಯಕ್ಕೆ ಬರೋಣ. ಸಿವಿಲ್, ಮೆಕ್ಯಾನಿಕಲ್ ಗೆಳೆಯರಿಗೆ ಎರಡು ಮಾತು: ಡ್ಯಾಕ್ ಅಂದರೆ ಅಂಕಿಗಳಾಗಿ ಕೂತಿರುವ ಸದ್ದನ್ನು ವೋಲ್ಟೇಜಿನ ಅಲೆಯಾಗಿ ಮಾಡಿಕೊಡುವ ಚಿಪ್ಪು. ಈಗಿನ ಒಳ್ಳೆಯ ಡ್ಯಾಕ್ ಚಿಪ್ಪುಗಳು ಒಂದೇ ಸದ್ದನ್ನು ಎರಡು ಕಾಲಿನಲ್ಲಿ ಕೊಡ್ತವೆ. ಒಂದು ಮೇಲೆ ಹೋದಾಗ ಇನ್ನೊಂದು ಅಷ್ಟೇ ಕೆಳಗೆ. ಏತದ ಎರಡು ತುದಿ ಇದ್ದಂಗೆ. ಎರಡರ ವ್ಯತ್ಯಾಸವೇ ನಿಜವಾದ ಸಂಗೀತ. ಇದು ಬ್ಯಾಲೆನ್ಸ್ಡ್. ವಾಲ್ವ್ ರೇಡಿಯೊದ ಒಳಗಿನ ಆ್ಯಂಪ್ಲಿಫೈಯರಿಗೆ ಇರೋದು ಒಂದೇ ಗ್ರಿಡ್ಡು, ಒಂದು ಷಾಸಿ. ಗ್ರಿಡ್ಡಿಗೆ ಬಂದ ವೋಲ್ಟೇಜನ್ನು ಅದು ಷಾಸಿಗೆ ಹೋಲಿಸಿ ಅಳೆಯುತ್ತೆ. ಇದು ಸಿಂಗಲ್ ಎಂಡೆಡ್.

ಎರಡು ತಂತಿಯ ಯೋಚನೆ ಹೊಸದೇನಲ್ಲ. ಟೆಲಿಫೋನ್ ಕಂಡುಹಿಡಿದ ಬೆಲ್ ಮಹಾಶಯರೇ 1881ರಲ್ಲಿ ಹೊಸೆದ ಜೋಡಿ ತಂತಿಗೆ ಪೇಟೆಂಟ್ ತಗೊಂಡಿದ್ದರು. ಪಕ್ಕದ ತಂತಿಗಳ ಗಲಾಟೆ ಎರಡೂ ಎಳೆಗೆ ಒಂದೇ ಸಮ ಬೀಳುತ್ತೆ, ಕೊನೆಯಲ್ಲಿ ಕಳೆದರೆ ಗಲಾಟೆ ಹೋಗಿ ಮಾತು ಉಳಿಯುತ್ತೆ. ಇಡೀ ಉಪಾಯ ಇರೋದು ಕೊನೆಯಲ್ಲಿ ಕಳೆಯುವುದರಲ್ಲಿ. ಕಳೆಯದೆ ಒಂದು ಎಳೆ ಕಿತ್ತುಹಾಕಿದರೆ ಎರಡು ತಂತಿ ಎಳೆದದ್ದಾದರೂ ಯಾಕೆ?

ಒಂದು ಕಾಲಿನ ಪಂಗಡದವರ ವಾದ ತಿರಸ್ಕರಿಸುವಂಥದ್ದಲ್ಲ. ನಮ್ಮಲ್ಲಿರುವ ಬೋರ್ಡಿನಲ್ಲಿ ಇಎಸ್9038ಕ್ಯೂ2ಎಂ ಚಿಪ್ಪಿದೆ. ಅದರ ಪ್ರತಿ ಕಾಲೂ 3.3 ವೋಲ್ಟಿನ ಅರ್ಧ, ಅಂದರೆ 1.65 ವೋಲ್ಟಿನ ಮೇಲೆ ಕೂತು, ಸುಮಾರು 1 ವೋಲ್ಟ್ ಆರ್‌ಎಂಎಸ್ ಸದ್ದನ್ನು ಕೊಡುತ್ತೆ. ಎರಡೂ ಸೇರಿದರೆ 2 ವೋಲ್ಟು. ಗ್ರಾಮಫೋನಿನ ಕ್ರಿಸ್ಟಲ್ ಪಿಕಪ್ಪಿಗೆಂದು ಮಾಡಿದ ತೂತಿಗೆ 1 ವೋಲ್ಟೇ ಧಾರಾಳ. ಹಾಗಾದರೆ ಅರ್ಧ ಬಿಟ್ಟರೆ ನಷ್ಟ ಏನು? ಒಂದು ಕೆಪಾಸಿಟರ್ ಹಾಕಿ 1.65 ವೋಲ್ಟಿನ ಡಿಸಿ ತಡೆದರೆ ಮುಗೀತಲ್ಲ? ಹೆಂಗಿದ್ರೂ ವಾಲ್ವು ತನ್ನದೇ ಎರಡನೇ ಹಾರ್ಮೋನಿಕ್ ಸೇರಿಸುತ್ತೆ, ಅದರ ಮುಂದೆ ಚಿಪ್ಪಿನ ಚಿಲ್ಲರೆ ದೋಷ ಯಾರಿಗೆ ಕೇಳುತ್ತೆ?

ದೊಡ್ಡ ಸದ್ದು ಬೇಕು ಅಂತ ನಾವೂ ಹೇಳ್ತಿಲ್ಲ. ನಷ್ಟ ಇರೋದು ನಿಶ್ಶಬ್ದದಲ್ಲಿ. ಆ 1.65 ವೋಲ್ಟು ಎಲ್ಲಿಂದ ಬಂತು? 3.3 ವೋಲ್ಟಿನ ರೆಗ್ಯುಲೇಟರಿನಿಂದ. ರೆಗ್ಯುಲೇಟರ್ ಗೊಣಗಿದರೆ ಆ ಗೊಣಗಾಟದ ಅರ್ಧ ನೇರವಾಗಿ ಕಾಲಿಗೆ ಬರುತ್ತೆ, ಎರಡೂ ಕಾಲಿಗೆ ಒಂದೇ ಸಮ. ವ್ಯತ್ಯಾಸ ತಗೊಂಡರೆ ಅದು ಕಳೆದುಹೋಗುತ್ತೆ. ಒಂದೇ ಕಾಲು ತಗೊಂಡರೆ ಅದೂ ಆ್ಯಂಪ್ಲಿಫೈ ಆಗಿ ಸ್ಪೀಕರಿಗೆ ಹೋಗುತ್ತೆ, ಕೆಪಾಸಿಟರ್ ಡಿಸಿಯನ್ನು ತಡೆಯುತ್ತೆ ಹೊರತು ಗೊಣಗಾಟವನ್ನಲ್ಲ. ಇನ್ನು ಪ್ರತಿ ಕಾಲು ತಾನೇ ಹುಟ್ಟಿಸುವ ಬಿಡಿ ಬಿಡಿ ನಾಯ್ಸು ಇದೆಯಲ್ಲ, ಅದು ಸೇರಿಸಿದಾಗ 3 ಡಿಬಿ ಏರಿದರೆ ಸದ್ದು 6 ಡಿಬಿ ಏರುತ್ತೆ. ಅಲ್ಲೂ 3 ಡಿಬಿ ಲಾಭ. ವಾಲ್ವಿನ ಎರಡನೇ ಹಾರ್ಮೋನಿಕ್ ಸಂಗೀತಕ್ಕೆ ಅಂಟಿಕೊಂಡು ಬರೋದು, ಸಂಗೀತ ನಿಂತರೆ ಅದೂ ನಿಲ್ಲುತ್ತೆ. ರೆಗ್ಯುಲೇಟರಿನ ಗೊಣಗಾಟ ನಿಲ್ಲಲ್ಲ. ಸಿನಿಮಾ ಹಾಡು ಹಾಕೋರಿಗೆ ಇದು ಕೇಳದೇ ಇರಬಹುದು. ಮರದ ತುದಿಯ ಟಕಟಕ ಹಿಡಿದು ತಂದವರಿಗೆ ಕೇಳುತ್ತೆ.

ಬಿಟ್ಟ ಕಾಲನ್ನು ಏನು ಮಾಡಬೇಕು ಅನ್ನೋದರಲ್ಲೂ ಅಪಾಯವಿದೆ. ಕೆಲವರು ಅದನ್ನು ಗ್ರೌಂಡಿಗೆ ಸೇರಿಸಿಬಿಡ್ತಾರೆ. ಹಳೇ ಸ್ಟುಡಿಯೊ ಸಾಮಾನುಗಳಲ್ಲಿ ಔಟ್‌ಪುಟ್ಟಿಗೆ ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು, ಅಲ್ಲಿ ಎಕ್ಸ್‌ಎಲ್‌ಆರ್‌ನ 3ನೇ ಪಿನ್ನನ್ನು 1ನೇ ಪಿನ್ನಿಗೆ ಕೂಡಿಸಿದರೆ ಸರಿಯಾದ ಕ್ರಮವೇ. ಆ ಅಭ್ಯಾಸವನ್ನು ಈಗಿನ ಬೋರ್ಡಿಗೆ ತಂದರೆ, ಹೊರಗೆ ನಿಂತಿರುವ ಪಾಪದ ಆಪ್-ಆ್ಯಂಪ್ ಗ್ರೌಂಡಿಗೆ ಡ್ರೈವ್ ಮಾಡ್ತಾ ಉಸಿರು ಬಿಡುತ್ತೆ. ಅದರ ಒದ್ದಾಟ ಪವರ್ ಸಪ್ಲೈ ಮೂಲಕ ಚೆನ್ನಾಗಿರೋ ಕಾಲಿಗೂ ತಟ್ಟುತ್ತೆ. ಬಿಡಲೇಬೇಕು ಅಂದ್ರೆ ತೆರೆದು ಬಿಡಿ, ನೆಲಕ್ಕೆ ಸುರಿಯಬೇಡಿ.

ಆಪ್-ಆ್ಯಂಪ್ ಪಂಗಡದವರ ಬಗ್ಗೆ ನಮಗೆ ಗೌರವವಿದೆ. ಕಾಗದದ ಮೇಲೆ ಅವರದೇ ಗೆಲುವು. ನಾಲ್ಕು ರೆಸಿಸ್ಟರು, ಒಂದು ಆಪ್-ಆ್ಯಂಪು, ಡಿಸ್ಟಾರ್ಶನ್ ಅಳೆಯೋಕೂ ಸಿಗದಷ್ಟು ಕಡಿಮೆ. ಆದರೆ ಆ ನಾಲ್ಕು ರೆಸಿಸ್ಟರು ಒಂದಕ್ಕೊಂದು ತಾಳೆಯಾಗಬೇಕು. 1% ರೆಸಿಸ್ಟರು ಹಾಕಿದರೆ, ಗೇನ್ 1 ಇದ್ದಾಗ, ಅದೃಷ್ಟ ಕೆಟ್ಟರೆ ಎರಡೂ ಕಾಲಿನ ಸಮಾನ ಗಲಾಟೆ ಬರೀ 34 ಡಿಬಿ ಕಡಿಮೆಯಾಗುತ್ತೆ. 0.1% ಹಾಕಿದರೆ 54. ಇದರ ಮೇಲೆ ನಮ್ಮ ಚಿಪ್ಪಿನ ಪ್ರತಿ ಕಾಲಿನೊಳಗೇ ಸುಮಾರು 800 ಓಮ್ ಕೂತಿದೆ. ಅದೂ ಈ ಲೆಕ್ಕಕ್ಕೆ ಸೇರಿಕೊಂಡು ತಾಳ ತಪ್ಪಿಸುತ್ತೆ. ಹಾಗಾಗಿ ಮುಂದೆ ಎರಡು ಬಫರ್ ಬೇಕು. ಆಪ್-ಆ್ಯಂಪುಗಳಿಗೆ ಪ್ಲಸ್ ಮೈನಸ್ ಸಪ್ಲೈ ಬೇಕು. ವಾಲ್ವಿನ ಡಬ್ಬದೊಳಗೆ ಅದನ್ನು ಎಲ್ಲಿಂದ ತರೋದು? ಎಲ್ಲ ಮಾಡಬಹುದು, ಮಾಡಿದವರಿದ್ದಾರೆ. ಮಡಿ ಮೈಲಿಗೆ ಲೆಕ್ಕದಲ್ಲಿ ಆಪ್-ಆ್ಯಂಪ್ ಬೇಡ ಅನ್ನೋರ ಜೊತೆ ನಾವಿಲ್ಲ. ರೆಕಾರ್ಡಿಂಗ್ ಮೈಕಿನಿಂದ ಇಲ್ಲಿಯವರೆಗೆ ಆ ಸದ್ದು ಎಷ್ಟು ಆಪ್-ಆ್ಯಂಪ್ ದಾಟಿ ಬಂದಿದೆಯೋ, ಇನ್ನೊಂದಕ್ಕೆ ಕುಲಗೆಡಲ್ಲ.

ವಾಲ್ವಿನಲ್ಲೇ ಕಳೆಯಬೇಕು ಅನ್ನೋ ಶುದ್ಧವಾದಿಗಳಿಗೂ ದಾರಿ ಇದೆ: ಎರಡು ಟ್ರಯೋಡುಗಳ ಕ್ಯಾಥೋಡ್ ಕೂಡಿಸಿ, ಕೆಳಗೆ ಉದ್ದ ಬಾಲದಂಥ ದೊಡ್ಡ ರೆಸಿಸ್ಟರ್ ಹಾಕೋದು. ಬ್ಲೂಮ್ಲೈನ್ ಎಂಬ ಇಂಗ್ಲೆಂಡಿನ ಎಂಜಿನಿಯರ್ 1936ರಲ್ಲಿ ಇದಕ್ಕೆ ಪೇಟೆಂಟ್ ಹಾಕಿದ. ಸೊಗಸಾದ ಸರ್ಕ್ಯೂಟು. ಆದರೆ ಬೇರೆಯವರ ಮನೆಯ ರೇಡಿಯೊ ಕೊಯ್ದು ಇನ್ನೊಂದು ವಾಲ್ವ್ ಕೂರಿಸೋಕೆ ನಮಗೆ ಅಧಿಕಾರ ಇಲ್ಲ.

ಇನ್ನು ನಮ್ಮ ಮುಖ್ಯ ಮಾತು, ಗ್ರೌಂಡು.

ಲ್ಯಾಬಿನಲ್ಲಿ ಮೂರು ಪಿನ್ನಿನ ಪ್ಲಗ್ಗು, ನೆಲದಲ್ಲಿ ಹೂತಿಟ್ಟ ಅರ್ಥ್ ಪ್ಲೇಟು, ಎಲ್ಲ ಸರಿ ಇರುತ್ತೆ. ಹಳ್ಳಿ ಮನೆಯ ಹಳೇ ವೈರಿಂಗಿನಲ್ಲಿ ಮೂರನೇ ತೂತು ಎಷ್ಟೋ ಕಡೆ ಅಲಂಕಾರಕ್ಕೆ. ಪಕ್ಕದ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯ್ತು ಅಂತ ಹೆಮ್ಮೆ ಪಡ್ತೀವಿ, ಜಿಲ್ಲೆಯ ಮನೆಗಳಿಗೆ ಅರ್ಥ್ ತಲುಪೋದು ಮಾತ್ರ ಇನ್ನೂ ಬಾಕಿ ಇದೆ. ಲ್ಯಾಪ್‌ಟಾಪಿನ ಚಾರ್ಜರ್ ಒಳಗೆ ಮೈನ್ಸಿಗೂ ಔಟ್‌ಪುಟ್ಟಿಗೂ ನಡುವೆ ಒಂದು ಪುಟ್ಟ ಕೆಪಾಸಿಟರ್ ಇರುತ್ತೆ. ಅರ್ಥ್ ಇಲ್ಲದಿದ್ದಾಗ ಅದರ ಮೂಲಕ ಚೂರು ಕರೆಂಟು ಸೋರಿ ಲ್ಯಾಪ್‌ಟಾಪಿನ ಮೈಗೆ ಬರುತ್ತೆ. ಬರಿಗಾಲಲ್ಲಿ ಲ್ಯಾಪ್‌ಟಾಪ್ ಸವರಿದರೆ ಜುಮ್ ಅನ್ನುತ್ತಲ್ಲ, ಅದೇ. ಈಗ ಲ್ಯಾಪ್‌ಟಾಪಿನಿಂದ ಡ್ಯಾಕಿಗೆ, ಡ್ಯಾಕಿನಿಂದ ರೇಡಿಯೊಗೆ ಮಾಮೂಲಿ ಷೀಲ್ಡ್ ವೈರ್ ಎಳೆದರೆ, ಆ ಸೋರಿದ ಕರೆಂಟು ಹರಿಯೋದು ಷೀಲ್ಡಿನಲ್ಲೇ. ಸಿಂಗಲ್ ಎಂಡೆಡ್ ಸ್ಟೇಜಿಗೆ ಷೀಲ್ಡ್ ಅಂದರೆ ಸಿಗ್ನಲ್ಲಿನ ಅರ್ಧ ದಾರಿ. ಷೀಲ್ಡಿನ ಉದ್ದಕ್ಕೂ ಬೀಳುವ ವೋಲ್ಟೇಜು ಸಂಗೀತದ ಜೊತೆ ಕೂಡಿಕೊಳ್ಳುತ್ತೆ. 50 ಹರ್ಟ್ಸಿನ ಗುಂಯ್, ಅದರ ಮೇಲೆ ಚಾರ್ಜರಿನ ಚಿರ್. ಮರಿಗಳ ಕೂಗಿಗೆ ಹಿಮ್ಮೇಳ!

ಟ್ರಾನ್ಸ್‌ಫಾರ್ಮರ್ ಇಲ್ಲಿ ಒಂದೇ ಏಟಿಗೆ ಎರಡು ಕೆಲಸ ಮಾಡುತ್ತೆ. ಪ್ರೈಮರಿಯ ಎರಡು ತುದಿ ಡ್ಯಾಕಿನ ಎರಡು ಕಾಲಿಗೆ. ಅದರಲ್ಲಿ ಹರಿಯೋದು ವ್ಯತ್ಯಾಸ ಮಾತ್ರ, ಸಮಾನವಾದದ್ದು ಹರಿಯೋಕೆ ದಾರಿಯೇ ಇಲ್ಲ. ರೆಸಿಸ್ಟರ್ ತಾಳೆ ನೋಡುವ ತಲೆನೋವಿಲ್ಲ, ಸಪ್ಲೈ ಬೇಕಿಲ್ಲ. ಸೆಕೆಂಡರಿಯ ಒಂದು ತುದಿ ಗ್ರಿಡ್ಡಿನ ಕಡೆಗೆ, ಇನ್ನೊಂದು ಷಾಸಿಗೆ. ಎರಡರ ನಡುವೆ ತಂತಿಯ ಸಂಬಂಧವಿಲ್ಲ, ಹಾಗಾಗಿ ಸೋರಿದ ಕರೆಂಟು ಷೀಲ್ಡಿನಲ್ಲಿ ಓಡಾಡೋಕೆ ಆಗಲ್ಲ. ಬ್ಯಾಟರಿಯ ಮೇಲೆ ಮೊಬೈಲಿನಿಂದ ಡ್ಯಾಕ್ ಓಡಿಸಿದರೆ ಗುಂಯ್ ಬರಲ್ಲವಲ್ಲ ಅಂತ ನಮ್ಮಲ್ಲೇ ಒಬ್ಬಳು ಕೇಳಿದಳು. ನಿಜ. ಆದರೆ ಚಾರ್ಜ್ ಮುಗಿದು ಪಿನ್ ಚುಚ್ಚಿದ ಕೂಡಲೇ ಬರುತ್ತೆ. ಮನೆಯವರಿಗೆ ಕೊಟ್ಟು ಬರುವ ಸಾಮಾನಿಗೆ ‘ಚಾರ್ಜ್ ಹಾಕ್ಬೇಡಿ ತಾತಾ’ ಅಂತ ಚೀಟಿ ಅಂಟಿಸೋದು ಎಂಜಿನಿಯರಿಂಗ್ ಅಲ್ಲ.

ಸಣ್ಣಪುಟ್ಟ ಜಾಗ್ರತೆಗಳಿವೆ. ಎರಡು ಕಾಲಿನ ಡಿಸಿ ಹೆಚ್ಚುಕಡಿಮೆ ಒಂದೇ, ಆದರೂ ಕೂದಲೆಳೆ ವ್ಯತ್ಯಾಸ ಇದ್ದರೆ ಆ ಡಿಸಿ ಪ್ರೈಮರಿಯಲ್ಲಿ ಹರಿದು ಕೋರನ್ನು ಒಂದು ಪಕ್ಕಕ್ಕೆ ಮ್ಯಾಗ್ನೆಟೈಸ್ ಮಾಡಿಬಿಡುತ್ತೆ, ಬೇಸ್ ಕೆಡುತ್ತೆ. ಸೀರೀಸಿನಲ್ಲಿ ಒಂದು ಕೆಪಾಸಿಟರ್ ಹಾಕಿ. ರೇಡಿಯೊದ ವಾಲ್ಯೂಮ್ ಕಂಟ್ರೋಲ್ 500 ಕಿಲೊ ಓಮ್ ಅಥವಾ ಅದಕ್ಕೂ ಹೆಚ್ಚು, ಅಷ್ಟು ಹಗುರದ ಲೋಡಿಗೆ ಸೆಕೆಂಡರಿ ಮೇಲಿನ ಫ್ರೀಕ್ವೆನ್ಸಿಯಲ್ಲಿ ಗಂಟೆಯಂತೆ ರಿಂಗಾಗುತ್ತೆ. ಅಡ್ಡಕ್ಕೆ 10 ಕಿಲೊ ಓಮ್ ಕೂರಿಸಿದರೆ ಸುಮ್ಮನಾಗುತ್ತೆ. ಎಸ್.ಪಿ. ರಸ್ತೆಯಲ್ಲಿ ಸಿಗುವ ಅಗ್ಗದ 600 ಓಮ್ ಟೆಲಿಫೋನ್ ಟ್ರಾನ್ಸ್‌ಫಾರ್ಮರಿಗೆ ತಬಲಾದ ಡಗ್ಗಾ ಕೊಟ್ಟರೆ ಉಸಿರು ಕಟ್ಟುತ್ತೆ, ಕೋರ್ ಸಣ್ಣದು. ಒಳ್ಳೆಯ 10 ಕಿಲೊ ಓಮ್ ಆಡಿಯೊ ಟ್ರಾನ್ಸ್‌ಫಾರ್ಮರ್ ಡ್ಯಾಕ್ ಬೋರ್ಡಿಗಿಂತ ದುಬಾರಿ ಬೀಳಬಹುದು. ಇದು ನಮ್ಮ ವಾದದ ನಿಜವಾದ ದೌರ್ಬಲ್ಯ, ಮುಚ್ಚಿಡಲ್ಲ. ದುಡ್ಡಿಲ್ಲ ಅಂದರೆ ಬ್ಯಾಲೆನ್ಸ್ಡ್ ಡ್ಯಾಕನ್ನೇ ಕೊಳ್ಳಬೇಡಿ. ಪಿಸಿಎಂ5102 ಚಿಪ್ಪಿನ ಪುಟ್ಟ ಬೋರ್ಡು ಕೆಲವೇ ನೂರು ರೂಪಾಯಿಗೆ ಸಿಗುತ್ತೆ, ಅದರ ಔಟ್‌ಪುಟ್ ಮೊದಲೇ ಸಿಂಗಲ್ ಎಂಡೆಡ್, 2.1 ವೋಲ್ಟು, ಡಿಸಿ ಕೂಡ ಇಲ್ಲ. ದೊಡ್ಡ ನಂಬರಿನ ಚಿಪ್ಪು ಕೊಂಡು ಅರ್ಧ ಎಸೆಯೋದಕ್ಕಿಂತ ಸಣ್ಣ ಚಿಪ್ಪನ್ನು ಪೂರ್ತಿ ಬಳಸೋದು ಮೇಲು. ಗ್ರೌಂಡಿನ ಸಮಸ್ಯೆ ಮಾತ್ರ ಆಗಲೂ ಹಾಗೇ ಇರುತ್ತೆ.

ಪ್ರಾಣದ ಮಾತು ಅಂದೆವಲ್ಲ, ಅದು ಇದು. ಹಳೇ ರೇಡಿಯೊಗಳಲ್ಲಿ ಎರಡು ಜಾತಿ. ಮೈನ್ಸ್ ಟ್ರಾನ್ಸ್‌ಫಾರ್ಮರ್ ಇರುವುದು ಒಂದು. ಎಸಿ, ಡಿಸಿ ಎರಡಕ್ಕೂ ಓಡಲಿ ಅಂತ ಟ್ರಾನ್ಸ್‌ಫಾರ್ಮರ್ ಇಲ್ಲದೆ ಕಟ್ಟಿದ್ದು ಇನ್ನೊಂದು. ಎರಡನೇ ಜಾತಿಯಲ್ಲಿ ಷಾಸಿ ನೇರವಾಗಿ ಮೈನ್ಸಿನ ಒಂದು ತಂತಿಗೆ ಸೇರಿರುತ್ತೆ. ಪ್ಲಗ್ ತಿರುಗಿಸಿ ಚುಚ್ಚಿದರೆ ಇಡೀ ಷಾಸಿ 230 ವೋಲ್ಟು. ಗುರುತು ಹಿಡಿಯೋಕೆ ಮೊದಲು ಪ್ಲಗ್ ಕಿತ್ತು, ಹಿಂದಿನ ಮುಚ್ಚಳ ತೆಗೆದು ವಾಲ್ವುಗಳ ಹೆಸರಿನ ಮೊದಲ ಅಕ್ಷರ ನೋಡಿ. ಇಸಿಎಚ್81, ಇಎಲ್84 ಹೀಗೆ ‘ಇ’ ಇದ್ದರೆ 6.3 ವೋಲ್ಟಿನ ಹೀಟರು, ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಸೆಟ್ಟು. ಯುಸಿಎಚ್81, ಯುಎಲ್84 ಹೀಗೆ ‘ಯು’ ಇದ್ದರೆ 100 ಮಿಲಿಆ್ಯಂಪಿನ ಹೀಟರುಗಳನ್ನು ಸರಪಳಿಯಾಗಿ ಕೋದಿದ್ದು, ಷಾಸಿ ಲೈವ್ ಇರಬಹುದು ಅಂತಲೇ ತಿಳಿಯಿರಿ. ‘ಡಿ’ ಇದ್ದರೆ ಬ್ಯಾಟರಿ ಸೆಟ್ಟು, ಕರೆಂಟಿಲ್ಲದ ಊರುಗಳಿಗೆ ಮಾಡಿದ್ದು. ಅಕ್ಷರವಷ್ಟೇ ನಂಬದೆ ಟ್ರಾನ್ಸ್‌ಫಾರ್ಮರನ್ನೂ ಕಣ್ಣಾರೆ ನೋಡಿ. ‘ಯು’ ಸೆಟ್ಟುಗಳಲ್ಲಿ ಗ್ರಾಮಫೋನ್ ತೂತಿಗೂ ಷಾಸಿಗೂ ನಡುವೆ ಕೆಪಾಸಿಟರ್ ಇಟ್ಟು ರಕ್ಷಣೆ ಮಾಡಿರ್ತಾರೆ. ಆದರೆ ಆಗಿನ ಮೇಣದ ಕಾಗದದ ಕೆಪಾಸಿಟರು ಈಗ ಸೋರದೇ ಇದ್ದರೆ ಆಶ್ಚರ್ಯ. ಅಲ್ಲಿಗೆ ಮೊಬೈಲು ಚುಚ್ಚೋದು ಅಂದರೆ ಕೈಯಲ್ಲಿ ಮೈನ್ಸ್ ಹಿಡಿದಂತೆ. ಇಲ್ಲಿ ಸಿಗ್ನಲ್ ಟ್ರಾನ್ಸ್‌ಫಾರ್ಮರನ್ನೂ ನಂಬಬೇಡಿ, ಅದರ ಇನ್ಸುಲೇಶನ್ ಸದ್ದಿಗೆ ಮಾಡಿದ್ದು, ಮೈನ್ಸಿಗಲ್ಲ. ಸೆಟ್ಟಿಗೇ ಪ್ರತ್ಯೇಕ 230 ವೋಲ್ಟಿನ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಬೇಕು, ಅದಿಲ್ಲದಿದ್ದರೆ ಮುಟ್ಟದೆ ವಾಪಸ್ ಬರಬೇಕು.

ಇಷ್ಟೊಂದು ಮನೆಗಳಲ್ಲಿ ಅಟ್ಟದ ಮೇಲೆ ಇಂಥ ರೇಡಿಯೊ ಇರುವ ರಾಜ್ಯ ನಮ್ಮದು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿ ಶುರು ಮಾಡಿದರು. 1961ರಿಂದ ಬೆಂಗಳೂರಿನ ಬಿಇಎಲ್ ಕಾರ್ಖಾನೆ ರೇಡಿಯೊ ವಾಲ್ವುಗಳನ್ನೇ ಮಾಡಿತು. ಬಿಇಎಲ್ ಮುದ್ರೆಯ ಇಸಿಎಲ್82, ಇಎಲ್84 ಇವತ್ತಿಗೂ ಹೊರದೇಶದವರು ಹುಡುಕಿ ಕೊಳ್ಳುವ ಮಾಲು. ಹೀಗಿದ್ದೂ ನಮ್ಮ ಸಿಲಬಸ್ಸಿನಲ್ಲಿ ವಾಲ್ವು ಮುಕ್ಕಾಲು ಪಾಲು ಮಾಯ, ಸಿಗ್ನಲ್ ಟ್ರಾನ್ಸ್‌ಫಾರ್ಮರ್ ಪೂರ್ತಿ ಮಾಯ. ಟ್ರಾನ್ಸ್‌ಫಾರ್ಮರ್ ಅಂದರೆ ಇಲೆಕ್ಟ್ರಿಕಲ್ಲಿನವರ ಕಂಬದ ಮೇಲಿನ ಡಬ್ಬ ಅಂತ ಇಲೆಕ್ಟ್ರಾನಿಕ್ಸಿನವರು ತಿಳಿದಿರೋದು. ಡಿಫರೆನ್ಶಿಯಲ್ ಆ್ಯಂಪ್ಲಿಫೈಯರಿನ ಸಿಎಂಆರ್‌ಆರ್ ಸೂತ್ರ ಎಲ್ಲರಿಗೂ ಬಾಯಿಪಾಠ. ಎರಡು ಪಿನ್ನಿನ ಪ್ಲಗ್ಗಿರುವ ಮನೆಯಲ್ಲಿ ಆ ‘ಕಾಮನ್ ಮೋಡ್’ ಎಲ್ಲಿಂದ ಹುಟ್ಟುತ್ತೆ ಅಂತ ಕೇಳಿದರೆ ಲ್ಯಾಬಿಗೆ ಲ್ಯಾಬೇ ಮೌನ.

ಒಂದು ಪ್ರಯೋಗ ಸೇರಿಸಿ ಅಂತ ವಿಭಾಗಕ್ಕೆ ಅರ್ಜಿ ಕೊಟ್ಟಿದ್ದೀವಿ. ಒಂದು ಬ್ಯಾಲೆನ್ಸ್ಡ್ ಡ್ಯಾಕು, ಒಂದು ಇಸಿಎಲ್82 ಆ್ಯಂಪ್ಲಿಫೈಯರು, ಬೇಕೆಂತಲೇ ಅರ್ಥ್ ಇಲ್ಲದ ಲ್ಯಾಪ್‌ಟಾಪ್ ಚಾರ್ಜರು. ಒಂದು ಕಾಲು, ನಾಲ್ಕು ರೆಸಿಸ್ಟರಿನ ಆಪ್-ಆ್ಯಂಪು, ಟ್ರಾನ್ಸ್‌ಫಾರ್ಮರು, ಮೂರನ್ನೂ ಕಟ್ಟಿ ಸ್ಪೀಕರಿನ ಮುಂದೆ ಕೂತು ಕೇಳೋದು, ಸ್ಕೋಪಿನಲ್ಲಿ ನೋಡೋದು. ನಾವು ಹೇಳಿದ್ದು ಸುಳ್ಳಾದರೆ ಅಲ್ಲೇ ಗೊತ್ತಾಗುತ್ತೆ.

ಬೆಳ್ಳೂರಿನ ರೇಡಿಯೊ ‘ಇ’ ಜಾತಿಯದು, ಟ್ರಾನ್ಸ್‌ಫಾರ್ಮರ್ ಇದೆ. ‘ಒಂದೇ ಎಳೆ ಸಾಕು ಅಂತಾರೆ ನಮ್ಮ ಹುಡುಗರು’ ಅಂತ ಆ ಹಿರಿಯರಿಗೆ ಹೇಳಿದಾಗ, ‘ಎಲ್ಡ್ ಕೊಟ್ಟವ್ನೆ ಅಂದ್ಮೇಲೆ ಅದ್ಯಾಕ್ರಪ್ಪಾ ಒಂದ್ ಬುಟ್ಟುಬುಡ್ತೀರಾ?’ ಅಂದ್ರು. ಒಳಗಿನ ಕಾಗದದ ಕೆಪಾಸಿಟರುಗಳನ್ನು ಬದಲಾಯಿಸುವ ಕೆಲಸ ನಡೀತಿದೆ, ಮೂರು ಬದಲಾಗಿವೆ, ನಾಲ್ಕು ಬಾಕಿ. ಟ್ರಾನ್ಸ್‌ಫಾರ್ಮರಿಗೆ ಚಂದಾ ಎತ್ತುತ್ತಿದ್ದೀವಿ. ಒಂದು ಕಾಲಿನ ಪಂಗಡದವರು ಕೊಟ್ಟರೂ ಬೇಡ ಅನ್ನಲ್ಲ.